ಗೆಲ್ಲುವವನಾರೆಂಬ ಗುಟ್ಟು

ಕತೆಯಲ್ಲಿ ಕಾಳಗವೊಂದು ಬರಲಿರುವಾಗ ಅದಕ್ಕೆ ಮುಂಚಿನ ಪುಟಗಳನ್ನು ಹೇಗೆ ಬರೆಯಬೇಕೆಂಬ ವಿಷಯದಲ್ಲಿ ನಮ್ಮ ಕಥಾಕಮ್ಮಟಗಳಲ್ಲಿಯೂ, ಧಾರಾವಾಹಿಗಳನ್ನು ತಿದ್ದುವವರ ಮೇಜುಗಳ ಮೇಲೆಯೂ, ಚಲನಚಿತ್ರಕ್ಕೆ ಕತೆ ಹೆಣೆಯುವವರ ಕೂಟಗಳಲ್ಲಿಯೂ ಈಗ ಭಿನ್ನಾಭಿಪ್ರಾಯವೇ ಇಲ್ಲವೆಂಬಂತೆ ಕಾಣುತ್ತದೆ. ಗೆಲ್ಲುವವನು ಯಾರೆಂಬುದನ್ನು ಕೊನೆಯ ಪೆಟ್ಟಿನವರೆಗೂ ಬಿಟ್ಟುಕೊಡಕೂಡದು. ಎದುರಾಳಿಯ ಬಲವನ್ನು ಹಿಗ್ಗಿಸಿ ನಾಯಕನ ಬಲವನ್ನು ಕುಗ್ಗಿಸಿ ಓದುಗನ ಮನಸ್ಸನ್ನು ತೂಗಾಡಿಸುತ್ತಿರಬೇಕು. ಕಾಳಗ ಸಮೀಪಿಸಿದಂತೆಲ್ಲ ವಾಕ್ಯಗಳನ್ನು ಮೊಟಕುಮಾಡಿ, ಗಾಳಿಯನ್ನು ನಿಲ್ಲಿಸಿ, ಸಾಧ್ಯವಾದಷ್ಟು ತಡಮಾಡಬೇಕು. ಇದು ಆ ಮತದ ಸಾರ. ಹೊಸದಾಗಿ ಬರೆಯತೊಡಗಿದ ತರುಣನು ಇದನ್ನು ಪ್ರಶ್ನಿಸದೆ ಅಂಗೀಕರಿಸುತ್ತಾನೆ. ಏಕೆಂದರೆ ಕೇಳುವವರಿಗೆ ಇದು ಒಂದು ಮತವೆಂದೇ ತೋರದೆ ಬರಿಯ ಲೋಕಾನುಭವವೆಂದು ತೋರುತ್ತದೆ. ಫಲಿತಾಂಶ ಗೊತ್ತಿರುವ ಪಂದ್ಯವನ್ನು ಯಾರು ತಾನೆ ಕುಳಿತು ನೋಡುತ್ತಾರೆ ಎಂದು ಕೇಳಿಬಿಟ್ಟರೆ ವಾದ ಮುಗಿದಂತೆಯೇ. ಈ ಮತಕ್ಕೆ ಅಲ್ಪಸ್ವಲ್ಪ ತಿದ್ದುಪಡಿ ಸಾಕೆಂದು ಹೇಳುವವರಿದ್ದಾರೆ. ಅದು ಬುಡದಲ್ಲಿಯೇ ತಪ್ಪೆಂಬುದು ನನ್ನ ಪಕ್ಷ.

ಅದನ್ನು ಪರೀಕ್ಷೆಗೆ ಒಡ್ಡಲು ಕನ್ನಡಿಗನಾದವನು ಬಹುದೂರ ಹೋಗಬೇಕಾಗಿಲ್ಲ. ಮುದುವೊಳಲಿನ ಬಳೆಗಾರರ ಕುಲದಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನವನ್ನು ಸೇರಿದ ರನ್ನನ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂಬ ಹೆಸರೂ ಉಂಟಷ್ಟೆ. ಗೆಲ್ಲುವವನ ಹೆಸರು ಗ್ರಂಥದ ಹೆಸರಿನಲ್ಲಿಯೇ ಇದೆ. ಅಷ್ಟಕ್ಕೂ ನಿಲ್ಲದೆ ಕವಿಯು ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಅಭೇದವಾಗಿ ಕೀರ್ತಿಸಿರುವುದರಿಂದ, ಭೀಮನು ಸೋತಾನೆಂಬ ಶಂಕೆ ಆ ಆಸ್ಥಾನದಲ್ಲಿ ಕುಳಿತು ಕೇಳಿದ ಯಾವನ ಮನಸ್ಸಿನಲ್ಲಿಯೂ ಸುಳಿಯುವಂತಿರಲಿಲ್ಲ. ದ್ಯೂತಸಭೆಯ ಪ್ರತಿಜ್ಞೆಯನ್ನು ಬಲ್ಲವರಿಗಂತೂ ಗೆಲ್ಲುವವನು ಯಾರೆಂಬುದು ಮಾತ್ರವಲ್ಲ, ಕೊನೆಯ ಪೆಟ್ಟು ಸೋಲುವವನ ಯಾವ ಅಂಗದ ಮೇಲೆ ಬೀಳುತ್ತದೆಂಬುದು ಸಹ ಮೊದಲೇ ಗೊತ್ತು. ಮುಚ್ಚಿಡಬೇಕೆಂದು ನಮ್ಮ ಉಪದೇಶಕರು ಹೇಳುವುದನ್ನೆಲ್ಲ ಹೀಗೆ ಹೊಸ್ತಿಲಲ್ಲಿಯೇ ಬಿಚ್ಚಿಟ್ಟ ಕವಿಗೆ ಕಾಳಗಕ್ಕೆ ಮುಂಚಿನ ಆತಂಕವನ್ನು ಕಟ್ಟುವುದಕ್ಕೆ ಇನ್ನು ಯಾವ ಸಾಮಗ್ರಿ ಉಳಿಯಿತು?

ಉಳಿದದ್ದು ಬಹಳ. ಹತ್ತು ಆಶ್ವಾಸಗಳ ಆ ಕಾವ್ಯದಲ್ಲಿ ಗದೆಗೆ ಗದೆ ತಾಗುವುದು ಅರ್ಧಕ್ಕಿಂತ ಎಷ್ಟೋ ಮುಂದೆ ಸಾಗಿದ ಮೇಲೆ. ಅದುವರೆಗೆ ರನ್ನನು ಮಾಡುವುದೇನೆಂದರೆ, ಹನ್ನೊಂದು ಅಕ್ಷೌಹಿಣಿಯ ಒಡೆಯನಾಗಿದ್ದ ಕೌರವನನ್ನು ಒಬ್ಬ ಸಂಜಯನ ಆಸರೆಯಲ್ಲಿ, ಸತ್ತ ಆನೆಕುದುರೆಗಳನ್ನು ಎಡವುತ್ತ, ನೆತ್ತರ ಕೆಸರಿನಲ್ಲಿ ಕಾಲೆಳೆಯುತ್ತ, ಮರುಳುಗಳ ಪರಿಹಾಸ್ಯಕ್ಕೆ ಗುರಿಯಾಗುತ್ತ ರಣಭೂಮಿಯಲ್ಲಿ ನಡೆಸುತ್ತಾನೆ. ಆ ನಡಿಗೆಯಲ್ಲಿ ಆತನು ತನಗಾಗಿ ಮಡಿದವರನ್ನು ಒಬ್ಬೊಬ್ಬರನ್ನಾಗಿ ಕಾಣುತ್ತಾನೆ. ದ್ರೋಣನ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ದೇಹ ಕಂಡಾಗ ಹಗೆತನವನ್ನು ಬದಿಗಿಟ್ಟು ಕೈಮುಗಿದು, ಅಂತಹ ಸಾವಿನಲ್ಲಿ ಒಂದು ಪಾಲಾದರೂ ತನಗೆ ದೊರೆಯಲೆಂದು ಬೇಡುತ್ತಾನೆ. ಮಗ ಲಕ್ಷಣಕುಮಾರನ ಎದುರಿನಲ್ಲಿ, ತಂದೆಗೆ ಮಗನು ಕೊಡಬೇಕಾದ ಜಲಾಂಜಲಿಯನ್ನು ಮಗನಿಗೆ ತಂದೆ ಕೊಡುವಂತಾಯಿತಲ್ಲಾ ಎಂದು ಹಲುಬುತ್ತಾನೆ. ದುಶ್ಶಾಸನನನ್ನು ಕಂಡಾಗಲಂತೂ, ತಾಯಿಯ ಎದೆಹಾಲಿನಿಂದ ಮೊದಲುಗೊಂಡು ಎಲ್ಲದರಲ್ಲಿಯೂ ತಾನು ಮುಂದು, ತಮ್ಮನು ಹಿಂದು ಎಂದು ಸಾಗಿಬಂದ ಕ್ರಮ ಸಾವೊಂದರಲ್ಲಿ ಮಾತ್ರ ತಲೆಕೆಳಗಾಯಿತೆಂಬ ಆತನ ಶೋಕವನ್ನು ಓದಿದವನು, ಆ ಕ್ಷಣದಲ್ಲಿ ದ್ರೌಪದಿಯ ಮುಡಿಯನ್ನು ಮರೆಯದಿದ್ದರೂ, ಈ ಅಣ್ಣನನ್ನು ಕೇವಲ ಖಳನೆಂದು ಎಣಿಸಲಾರ. ಕರ್ಣನ ಬಳಿಗೆ ಬರುವ ವೇಳೆಗೆ ಕೌರವನಿಗೆ ಗೆಲ್ಲಬೇಕಾದ ಕಾರಣವೇ ನಷ್ಟವಾಗಿದೆ.

ಇಷ್ಟಾದ ಮೇಲೆ ಶರಶಯ್ಯೆಯ ಭೀಷ್ಮ. ಮುದುಕನು ಕೇಳುವುದು ಸಂಧಿಯನ್ನು. ಈ ಸ್ಥಳದಲ್ಲಿ ಕಾಳಗವು ನಿಜವಾಗಿ ತಪ್ಪಿಹೋಗಬಹುದು, ಬಾಗಿಲು ತೆರೆದಿದೆ, ಆ ಕಡೆಯ ಧರ್ಮರಾಯನು ಒಪ್ಪದ ಸ್ವಭಾವದವನಲ್ಲ. ಕೌರವನ ಉತ್ತರವಾದರೋ ಕನ್ನಡ ಓದಿದವರಿಗೆಲ್ಲ ಗೊತ್ತಿರತಕ್ಕದ್ದು: ತಾನು ಕಾದುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ, ಕರ್ಣನೂ ತಮ್ಮನೂ ಇಲ್ಲದ ಈ ನೆಲ ತನ್ನ ಪಾಲಿಗೆ ಪಾಳುನೆಲ. ಗೆಲವಿನ ಫಲವನ್ನು ತಾನೇ ಬೇಡವೆಂದವನು ಕಾಳಗವನ್ನು ಮಾತ್ರ ಬಿಡಲೊಲ್ಲ. ಆಮೇಲೆ ಆ ದಿನವೊಂದನ್ನು ಕಳೆದುಕೊಳ್ಳೆಂದು, ಸಹಾಯಕರು ಬಂದು ಕೂಡುವವರೆಗೆ ವೈಶಂಪಾಯನ ಸರೋವರದಲ್ಲಿ ಅಡಗಿರೆಂದು ಅಜ್ಜನು ಹೇಳಿಕೊಟ್ಟ ಉಪಾಯಕ್ಕೆ ಅಭಿಮಾನಿಯಾದ ರಾಜನು ಮನಸ್ಸಿಲ್ಲದ ಮನಸ್ಸಿನಿಂದ ತಲೆಬಾಗುತ್ತಾನೆ. ಭೀಮನು ದಡದಲ್ಲಿ ನಿಂತು ಗರ್ಜಿಸಿದಾಗ ನೀರಿನೊಳಗೆ ಮುಳುಗಿದ್ದವನ ಮೈ ಬೆವೆತಿತೆಂಬ ಆ ಪ್ರಸಿದ್ಧವಾದ ಮಾತು ಬರುವುದು ಇಲ್ಲಿ. ಅದನ್ನು ಕೇವಲ ಚಮತ್ಕಾರವೆಂದು ಹೊಗಳಿ ಮುಂದೆ ಸಾಗುವವರು, ಆ ಬೆವರಿಗೆ ಎಷ್ಟು ಪದ್ಯಗಳ ಹಿನ್ನೆಲೆ ಇದೆಯೆಂಬುದನ್ನು ಗಮನಿಸಿದಂತಿಲ್ಲ. ಹೊರಬಂದರೆ ಸಾಯುವುದು ಖಂಡಿತ. ಒಳಗಿದ್ದರೆ ಕೌರವನು ಕೌರವನಾಗಿ ಉಳಿಯುವುದಿಲ್ಲ. ಇವೆರಡನ್ನೂ ನಾವು ಬಲ್ಲೆವು. ಆದ್ದರಿಂದಲೇ ಕೊಳದ ನೀರು ಅಲುಗುವುದನ್ನು ಉಸಿರು ಬಿಗಿಹಿಡಿದು ಕಾಯುತ್ತೇವೆ.

ಕಾಳಗಕ್ಕೆ ಮುಂಚಿನ ಉತ್ಕಂಠೆ ಹುಟ್ಟುವುದು ಗೆಲ್ಲುವವನನ್ನು ಬಚ್ಚಿಡುವುದರಿಂದಲ್ಲ. ಕಾಳಗವು ತಪ್ಪಬಹುದಾಗಿದ್ದ ದಾರಿಗಳು ಓದುಗನ ಕಣ್ಣೆದುರಿಗೆ ಒಂದಾದಮೇಲೊಂದು ಮುಚ್ಚಿಕೊಳ್ಳುವುದರಿಂದ, ಮತ್ತು ಮುಚ್ಚುವ ಕೈ ಹೆಚ್ಚಾಗಿ ಕಾದುವವನ ಸ್ವಂತ ಕೈಯಾಗಿರುವುದರಿಂದ. ಯಾರು ಗೆಲ್ಲುವರೆಂಬ ಪ್ರಶ್ನೆಗೆ ಉತ್ತರ ಒಂದೇ ಪದ. ಅದು ದೊರೆತೊಡನೆ ಪ್ರಶ್ನೆ ಸತ್ತುಹೋಗುತ್ತದೆ. ಇದು ನಡೆಯಲೇಬೇಕಾಗಿತ್ತೆ, ಇದರ ಬೆಲೆಯನ್ನು ತೆರುವವರು ಯಾರು ಯಾರು ಎಂಬ ಪ್ರಶ್ನೆಯಾದರೆ ಗದೆ ಮುರಿದ ಮೇಲೆಯೂ ಬದುಕಿರುತ್ತದೆ. ರನ್ನನಲ್ಲಿ ದೋಷವಿಲ್ಲವೆಂದು ನಾನು ಹೇಳುವುದಿಲ್ಲ. ಮರುಳುಗಳ ಗದ್ದಲ ನನ್ನ ರುಚಿಗೆ ಸ್ವಲ್ಪ ಹೆಚ್ಚು. ಕಾಳಗವಾದ ಮೇಲಿನ ಭೀಮನ ಪಟ್ಟಾಭಿಷೇಕವನ್ನು ರಾಜಸೇವೆಗೆ ಸಂದ ತೆರಿಗೆಯೆಂದು ಭಾವಿಸಿ ಪುಟ ಮಗುಚುತ್ತೇನೆ. ಆದರೆ ಕೌರವನು ರಣಭೂಮಿಯಿಂದ ಕೊಳಕ್ಕೆ ನಡೆದ ಆ ದಾರಿಗೆ ಸಮನಾದ ಇನ್ನೊಂದು ಯುದ್ಧಪೂರ್ವಭಾಗವನ್ನು ನಾನು ಕನ್ನಡದಲ್ಲಿ ಕಂಡಿಲ್ಲ.

ವಾಲ್ಮೀಕಿಯ ಕಿಷ್ಕಿಂಧೆಯಲ್ಲಿ ಇದೇ ತಂತ್ರ ಇನ್ನೂ ಇಕ್ಕಟ್ಟಾದ ಜಾಗದಲ್ಲಿ ನಡೆಯುತ್ತದೆ. ಸುಗ್ರೀವನು ಒಮ್ಮೆ ಕಾದಿ, ಅಣ್ಣತಮ್ಮಂದಿರಲ್ಲಿ ಯಾರು ಯಾರೆಂದು ರಾಮನಿಗೆ ತಿಳಿಯದೆ ಹೋದದ್ದರಿಂದ ಬಾಣ ಬಾರದೆ, ಪೆಟ್ಟು ತಿಂದು ಓಡಿದ್ದಾನೆ. ಗಜಪುಷ್ಪದ ಮಾಲೆ ಧರಿಸಿ ಮತ್ತೆ ಬಂದು ಕಿಷ್ಕಿಂಧೆಯ ಬಾಗಿಲಲ್ಲಿ ಕೂಗುತ್ತಿದ್ದಾನೆ. ಅಂತಃಪುರದಲ್ಲಿ ತಾರೆ ಗಂಡನನ್ನು ತಡೆಯುತ್ತಾಳೆ. ಆಕೆಯ ಮಾತಿನಲ್ಲಿ ಅಪಶಕುನವಿಲ್ಲ, ಕನಸಿಲ್ಲ, ಬಲಗಣ್ಣು ಅದುರುವುದಿಲ್ಲ. ಇರುವುದು ಶುದ್ಧವಾದ ತರ್ಕ. ಈಗತಾನೆ ಸೋತು ಓಡಿದವನು ಈಗಲೇ ಹಿಂತಿರುಗಿ ಇಷ್ಟು ದರ್ಪದಿಂದ ಕೂಗುವುದಾದರೆ ಅವನ ಬೆನ್ನಹಿಂದೆ ಯಾರೋ ಇದ್ದಾರೆ. ಅಯೋಧ್ಯೆಯ ರಾಜಕುಮಾರರ ಸಂಗತಿಯನ್ನು ಚಾರರಿಂದ ಅಂಗದನು ಕೇಳಿತಂದಿದ್ದಾನೆ. ತಮ್ಮನಿಗೆ ಯೌವರಾಜ್ಯವನ್ನು ಕೊಟ್ಟು ವೈರವನ್ನು ಮುಗಿಸು. ಇದಕ್ಕಿಂತ ಸ್ಪಷ್ಟವಾಗಿ ಬದುಕುವ ದಾರಿಯನ್ನು ಯಾರು ತೋರಿಸಬಲ್ಲರು? ವಾಲಿ ಆಕೆಗೆ ಕೊಡುವ ಸಮಾಧಾನವೇನು? ರಾಮನು ಧರ್ಮವನ್ನು ಬಲ್ಲವನು, ಅವನೇಕೆ ಪಾಪಮಾಡಿಯಾನು, ಎಂದು. ಬಾಣ ಹೂಡಿ ಮರದ ಮರೆಯಲ್ಲಿ ನಿಂತವನನ್ನು ಆಗತಾನೆ ಕಂಡುಬಂದ ಓದುಗನಿಗೆ ಈ ಒಂದು ಮಾತು ಉಂಟುಮಾಡುವ ಸಂಕಟವನ್ನು, ಮರದ ಮರೆಯನ್ನು ಕೊನೆಯವರೆಗೂ ಗುಟ್ಟಾಗಿಟ್ಟ ಕತೆಗಾರನು ಜನ್ಮದಲ್ಲಿಯೂ ಉಂಟುಮಾಡಲಾರ. ಅವನಿಗೆ ದೊರೆಯುವುದು ಒಂದು ಕ್ಷಣದ ಬೆಚ್ಚುವಿಕೆ ಮಾತ್ರ. ತಾರೆ ಅಳುತ್ತ ಗಂಡನಿಗೆ ಪ್ರದಕ್ಷಿಣೆ ಬಂದು ಸ್ವಸ್ತಿವಾಚನ ಮಾಡಿ ಒಳಕ್ಕೆ ಹೋಗುತ್ತಾಳೆ. ವಾಲಿ ಹೊರಕ್ಕೆ ಬರುತ್ತಾನೆ.

ಇಲ್ಲಿ ಪ್ರತಿಪಕ್ಷದವರು ಎತ್ತುವ ಆಕ್ಷೇಪವೊಂದುಂಟು, ಅದು ನ್ಯಾಯವಾದದ್ದೇ. ಇವೆಲ್ಲ ಪುರಾಣದ ಕತೆಗಳು. ಅಜ್ಜಿಯ ಬಾಯಿಂದ ಕೇಳಿ ಬಂದವರಿಗೆ ಬರೆದವು. ಫಲವನ್ನು ಮುಚ್ಚಿಡುವ ಅವಕಾಶವೇ ಇಲ್ಲದಿದ್ದರಿಂದ ಕವಿಗಳು ಬೇರೆ ದಾರಿ ಹುಡುಕಿಕೊಂಡರು. ಕಾದಂಬರಿಕಾರನಿಗಾದರೆ ಆ ಅವಕಾಶವಿದೆ, ಅದನ್ನು ಅವನೇಕೆ ಬಿಡಬೇಕು, ಎನ್ನುತ್ತಾರೆ. ಮೊದಲನೆಯದಾಗಿ, ಅವಕಾಶವಿದ್ದೂ ಅದನ್ನು ಬುದ್ಧಿಪೂರ್ವಕವಾಗಿ ಬಿಟ್ಟವರು ಕಾದಂಬರಿಕಾರರಲ್ಲಿಯೇ ಇದ್ದಾರೆ. ಚಿತ್ರದುರ್ಗವು 1779ರಲ್ಲಿ ಹೈದರನ ವಶವಾದ ಸಂಗತಿ ಶಾಲೆಯ ಪುಸ್ತಕದಲ್ಲಿ ಇದ್ದರೂ, ಅದನ್ನು ಅರಿಯದ ಓದುಗರು ಎಷ್ಟೋ ಮಂದಿ ಇರುವರೆಂಬುದನ್ನು ತ. ರಾ. ಸುಬ್ಬರಾಯರು ತಿಳಿಯದವರಲ್ಲ. ಆದರೂ 1982ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಗೆ ಅವರು ಇಟ್ಟ ಹೆಸರು ದುರ್ಗಾಸ್ತಮಾನ. ರಕ್ಷಾಪುಟದ ಮೇಲೆಯೇ ಕೋಟೆ ಬಿದ್ದುಹೋಗಿದೆ. ದುರ್ಗದ ದೊರೆ ಮದಕರಿನಾಯಕನ ಪ್ರತಿಯೊಂದು ದುಡುಕೂ, ಪ್ರತಿಯೊಂದು ಒಳಜಗಳವೂ, ಸುಮ್ಮನೆ ಮುಂದಿನ ಸಂಗತಿಯಾಗಿ ಹಾದುಹೋಗದೆ ಕೋಟೆಯ ಗೋಡೆಯಿಂದ ಕಳಚಿದ ಒಂದೊಂದು ಕಲ್ಲಾಗಿ ನಮ್ಮ ಮೇಲೆ ಬೀಳುವುದು ಆ ಹೆಸರಿನ ಬಲದಿಂದ. ಹೊರದೇಶದ ರೋಮಾಂಚಕ ಕಾದಂಬರಿಗಳಲ್ಲಿಯೇ, ಫ್ರೆಡ್ರಿಕ್ ಫೋರ್ಸೈತ್ ಬರೆದು 1971ರಲ್ಲಿ ಹೊರಬಂದ ‘ದ ಡೇ ಆಫ್ ದ ಜಾಕಲ್’ ಕೃತಿಯಲ್ಲಿ ಕೊಲೆಗಾರನ ಗುರಿ ಫ್ರಾನ್ಸಿನ ದ ಗಾಲ್. ಆತನು ಅದರ ಹಿಂದಿನ ವರ್ಷ ತನ್ನ ಮನೆಯಲ್ಲಿ ಸಹಜವಾಗಿ ತೀರಿಕೊಂಡದ್ದನ್ನು ಪತ್ರಿಕೆ ಓದುವ ಜಗತ್ತೆಲ್ಲ ಬಲ್ಲದು. ಗುಂಡು ತಪ್ಪುವುದೆಂದು ತಿಳಿದೇ ಲಕ್ಷಾಂತರ ಜನ ನಿದ್ದೆಗೆಟ್ಟು ಓದಿದರು. ಗುಟ್ಟೇ ಕುತೂಹಲದ ಪ್ರಾಣವಾಗಿದ್ದರೆ ಆ ಪುಸ್ತಕ ಅಚ್ಚಾದ ದಿನವೇ ಸಾಯಬೇಕಾಗಿತ್ತು.

ಎರಡನೆಯದಾಗಿ, ಫಲವನ್ನು ನಿಜವಾಗಿಯೂ ಮುಚ್ಚಿಟ್ಟ ಉತ್ತಮ ಕೃತಿಗಳಲ್ಲಿ ಸಹ ಆತಂಕದ ಊಟೆ ಆ ಮುಚ್ಚುವಿಕೆಯಲ್ಲಿ ಇರುವುದಿಲ್ಲ. ಟಾಲ್ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯಲ್ಲಿ ಪಿಯೆರ್ ಮತ್ತು ದೊಲೋಖೋವ್ ಇವರ ನಡುವೆ ಮಾಸ್ಕೋವಿನ ಹೊರಗೆ ಸೊಕೋಲ್ನಿಕಿಯ ಪೈನ್ ಕಾಡಿನಲ್ಲಿ ನಡೆಯುವ ಪಿಸ್ತೂಲಿನ ದ್ವಂದ್ವವನ್ನೇ ತೆಗೆದುಕೊಳ್ಳಿ. ಪಿಯೆರ್ ಪಿಸ್ತೂಲು ಹಿಡಿದವನಲ್ಲ. ಒತ್ತುವುದು ಹೇಗೆಂದು ಸಂಗಡಿಗನನ್ನು ಕೇಳಿ ತಿಳಿದುಕೊಳ್ಳುತ್ತಾನೆ. ಎದುರಾಳಿ ಹೆಸರಾದ ಗುರಿಕಾರ. ಹಿಮ ಕರಗುತ್ತಿದೆ, ಮಂಜು ಕವಿದಿದೆ. ಒದ್ದೆಹಿಮದಲ್ಲಿ ಹೆಜ್ಜೆಗಳನ್ನು ಅಳೆದು ಹತ್ತು ಹೆಜ್ಜೆಗಳಷ್ಟು ಅಂತರದಲ್ಲಿ ಎರಡು ಕತ್ತಿಗಳನ್ನು ಎಲ್ಲೆಗಳೆಂದು ನೆಟ್ಟಿದ್ದಾರೆ. ಎಲ್ಲವೂ ಸಿದ್ಧವಾದ ಮೇಲೆಯೂ ಯಾರೊಬ್ಬರೂ ಆರಂಭಿಸದೆ ಕೆಲವು ನಿಮಿಷ ನಿಂತೇ ಇರುತ್ತಾರೆ. ಅದಕ್ಕೆ ಮುಂಚೆ ಸಂಗಡಿಗನು ಕ್ಷಮೆ ಕೇಳಿ ಮುಗಿಸಿಬಿಡಬಹುದಲ್ಲಾ ಎಂದು ದಾರಿ ತೋರಿಸಿದ್ದಾನೆ. ಇದೆಲ್ಲ ಘೋರವಾದ ಮೂರ್ಖತನವೆಂದು ಪಿಯೆರ್ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡೂ ಕ್ಷಮೆ ಕೇಳುವುದಿಲ್ಲ. ಗುಂಡು ಯಾರಿಗೆ ತಾಗುತ್ತದೆಂಬುದು ಆಶ್ಚರ್ಯಕರವೇ. ಅದನ್ನು ಮೊದಲ ಸಲ ಓದಿದಾಗ ನಾವು ಬೆಚ್ಚುವುದೂ ದಿಟ. ಆದರೆ ಎರಡನೆಯ ಸಲ, ಮೂರನೆಯ ಸಲ ಓದುವಾಗ ಆಶ್ಚರ್ಯ ಉಳಿದಿರುವುದಿಲ್ಲ. ಆ ಕೆಲವು ನಿಮಿಷಗಳ ನಿಲುಗಡೆ ಮಾತ್ರ ಮೊದಲಿಗಿಂತ ಅಸಹನೀಯವಾಗುತ್ತದೆ. ಮೂರ್ಖತನವೆಂದು ಬಲ್ಲ ಇಷ್ಟೊಂದು ಜನರಲ್ಲಿ ಒಬ್ಬನಾದರೂ ಕೈ ಎತ್ತಿ ನಿಲ್ಲಿಸಬಾರದೆ ಎಂದು ಪ್ರತಿಸಲವೂ ಅನ್ನಿಸುತ್ತದೆ.

ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ನಡೆಯುವ ತಾಳಮದ್ದಳೆಗಳನ್ನು ಕಂಡವರಿಗೆ ಇಷ್ಟು ದೀರ್ಘವಾದ ವಾದವೇ ಅನಾವಶ್ಯಕ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಗದೆಯೆಂಬ ವಸ್ತುವೇ ಇಲ್ಲ. ಭೀಮನೂ ಕೌರವನೂ ಪಂಚೆಯುಟ್ಟು ಶಾಲು ಹೊದ್ದು ಎದುರುಬದುರು ಕುಳಿತಿರುತ್ತಾರೆ. ಗದಾಯುದ್ಧ ಪ್ರಸಂಗದ ಕೊನೆಯನ್ನು ಅರಿಯದ ಒಬ್ಬನೂ ಸಭೆಯಲ್ಲಿ ಇರುವುದಿಲ್ಲ. ಆದರೂ ಕೊಳದ ಸನ್ನಿವೇಶ ಬಂದಾಗ ತೂಕಡಿಸುತ್ತಿದ್ದವರು ನೆಟ್ಟಗೆ ಕೂರುತ್ತಾರೆ. ಏಕೆಂದರೆ ಮೂದಲಿಕೆಗೆ ಈ ರಾತ್ರಿಯ ಕೌರವನು ಏನು ಉತ್ತರ ಹೇಳಿ ನೀರಿನಿಂದ ಏಳುತ್ತಾನೆಂಬುದು ಇನ್ನೂ ಯಾರಿಗೂ ಗೊತ್ತಿಲ್ಲ. ಅರ್ಥಧಾರಿಯು ಸಮರ್ಥನಾಗಿದ್ದರೆ ಆ ಏಳುವಿಕೆ ಅರ್ಧಗಂಟೆ ಹಿಡಿದೀತು. ಆಮೇಲಿನ ಕಾಳಗವನ್ನು ಭಾಗವತರು ನಾಲ್ಕು ಪದ್ಯಗಳಲ್ಲಿ ಮುಗಿಸಿದರೂ ಯಾರೂ ಮೋಸಹೋದೆವೆಂದು ದೂರುವುದಿಲ್ಲ.

ಗುಟ್ಟಿಗೆ ಸಾಹಿತ್ಯದಲ್ಲಿ ಸ್ಥಾನವೇ ಇಲ್ಲವೆಂದು ನನ್ನ ಮಾತಿಗೆ ಅರ್ಥಹಚ್ಚಬಾರದು. ಪತ್ತೇದಾರಿ ಕಾದಂಬರಿಗೆ ಅದು ಧರ್ಮ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿದ ಒಂದು ಪೀಳಿಗೆಯೇ ಕನ್ನಡದಲ್ಲಿ ಓದುವ ಚಟ ಕಲಿತದ್ದು ಅಲ್ಲಿಂದ. ಅದನ್ನು ಹಳಿಯುವುದು ಕೃತಘ್ನತೆ. ಕೊಲೆ ಮಾಡಿದವರಾರೆಂಬುದು ನಡೆದುಹೋದ ಸಂಗತಿ. ಅದು ಎಲ್ಲಿಯೋ ಇದೆ, ಯಾರೋ ಮುಚ್ಚಿದ್ದಾರೆ, ತೆಗೆಯಬೇಕು. ಕಾಳಗವಾದರೋ ಇನ್ನೂ ನಡೆದಿಲ್ಲ. ಅದರಲ್ಲಿ ಮುಚ್ಚಿಡುವಂತಹ ವಸ್ತುವೇ ಇಲ್ಲ, ಲೇಖಕನ ಜೇಬಿನಲ್ಲಿರುವ ತೀರ್ಮಾನವೊಂದನ್ನು ಬಿಟ್ಟು. ಒಂದು ಪ್ರಕಾರದ ನಿಯಮವನ್ನು ಇನ್ನೊಂದಕ್ಕೆ ಹೊತ್ತು ತಂದದ್ದೇ ಈ ಎಲ್ಲ ಗೊಂದಲದ ಮೂಲವೆಂದು ನನ್ನ ಊಹೆ. ವಾರವಾರವೂ ಎತ್ತಿದ ಕತ್ತಿಯ ಕೆಳಗೆ ‘ಮುಂದುವರಿಯುವುದು’ ಎಂದು ಅಚ್ಚುಹಾಕುವ ಧಾರಾವಾಹಿಯ ಅವಶ್ಯಕತೆ ಅದಕ್ಕೆ ಗೊಬ್ಬರ ಹಾಕಿತು.

ವಾತಾವರಣ, ವಾಕ್ಯದ ಅಳತೆ, ವಿಳಂಬ ಎಂಬ ಮಿಕ್ಕ ಉಪದೇಶಗಳಲ್ಲಿ ಮೊದಲೆರಡನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಗಾಳಿ ನಿಂತಿತು. ಎಲೆ ಅಲುಗಲಿಲ್ಲ. ಅವನು ನೋಡಿದ. ಇವನೂ ನೋಡಿದ. ದೂರದಲ್ಲಿ ಗೂಬೆ. ಹೀಗೆ ಬರೆಯುವುದು ಎಷ್ಟು ಸುಲಭವೆಂಬುದನ್ನು ಓದುಗರು ಈಗಲೇ ಕಂಡರು. ಪಾತ್ರಗಳ ನಡುವೆ ಇಲ್ಲದ ಬಿಗಿಯನ್ನು ಹವಾಮಾನದಿಂದ ಕಡ ತರುವ ಈ ಪದ್ಧತಿಯಲ್ಲಿ ಗೂಬೆಯ ಪರಿಶ್ರಮವೇ ಹೆಚ್ಚು. ಆತುರದಲ್ಲಿರುವವನ ಮಾತು ತುಂಡಾಗಿರುವುದು ಸಹಜ; ಭಯದಲ್ಲಿರುವವನ ಆಲೋಚನೆಯಾದರೋ ಸುತ್ತಿ ಸುತ್ತಿ ಬಂದು, ತನಗೆ ತಾನೇ ಎದುರುಹೇಳಿಕೊಂಡು, ಹಿಂದಿನದನ್ನು ಕೆದಕಿ, ಮುಗಿಯಲೊಲ್ಲದೆ ಉದ್ದವಾಗುತ್ತದೆಂಬುದನ್ನು, ಬೆಳಗಾದರೆ ಶಸ್ತ್ರಚಿಕಿತ್ಸೆಯೆಂದು ಆಸ್ಪತ್ರೆಯಲ್ಲಿ ರಾತ್ರಿ ಕಳೆದ ಯಾರಾದರೂ ಹೇಳಿಯಾರು.

ವಿಳಂಬವೆಂಬುದು ಮಾತ್ರ ಗಂಭೀರವಾದ ವಿಷಯ. ತಡಮಾಡಬೇಕೆಂಬುದರಲ್ಲಿ ನನಗೂ ಅವರಿಗೂ ಜಗಳವಿಲ್ಲ. ಆ ತಡದ ಹೊತ್ತಿನಲ್ಲಿ ಓದುಗನಿಗೆ ಏನನ್ನು ಕೊಡುತ್ತೀರಿ ಎಂಬುದರಲ್ಲಿ ಜಗಳ. ಇಲಿಯಡ್ಡಿನ ಇಪ್ಪತ್ತೆರಡನೆಯ ಸರ್ಗದಲ್ಲಿ ಹೋಮರನು ಮಾಡುವ ವಿಳಂಬವನ್ನು ನೋಡಬೇಕು. ಹೆಕ್ಟರನು ಅಕಿಲಿಸನ ಕೈಯಲ್ಲಿ ಮಡಿಯುವನೆಂದು ಹದಿನೈದನೆಯ ಸರ್ಗದಲ್ಲಿಯೇ ದೇವರಾಜನ ಬಾಯಿಂದ ಕೇಳಿದ್ದೇವೆ. ಕೋಟೆಯ ಮೇಲಿನಿಂದ ಮುದುಕ ತಂದೆ ತಲೆಗೂದಲು ಕಿತ್ತುಕೊಂಡು ಒಳಕ್ಕೆ ಬಾರೆಂದು ಕರೆಯುತ್ತಾನೆ. ತಾಯಿ ಮೊಲೆಯನ್ನು ತೋರಿ ಬೇಡುತ್ತಾಳೆ. ಹೆಕ್ಟರನು ಬಾಗಿಲ ಹೊರಗೆ ನಿಂತು ತನ್ನೊಳಗೆ ವಾದಿಸಿಕೊಳ್ಳುತ್ತಾನೆ: ಸೈನ್ಯವನ್ನು ಒಳಕ್ಕೆ ಕರೆದುಕೊಳ್ಳೆಂದು ಹೇಳಿದ ಪೊಲಿಡಮಾಸನ ಮಾತನ್ನು ತಾನು ಕೇಳಲಿಲ್ಲ, ಈಗ ಒಳಕ್ಕೆ ಹೋದರೆ ಅವನೇ ಮೊದಲು ಮೂದಲಿಸಿಯಾನು, ಆಯುಧಗಳನ್ನು ಕೆಳಗಿಟ್ಟು ಹೆಲೆನಳನ್ನು ಒಪ್ಪಿಸುತ್ತೇನೆಂದರೆ ಹೇಗೆ, ಆಗದು, ನಿರಾಯುಧನನ್ನು ಹೆಂಗಸನ್ನು ಕೊಂದಂತೆ ಅವನು ಕೊಂದಾನು. ಬಾಗಿಲುಗಳು ಮುಚ್ಚಿದವು. ಅಕಿಲಿಸನು ಹತ್ತಿರ ಬಂದೊಡನೆ ಇಷ್ಟೆಲ್ಲ ವಾದಿಸಿದ ವೀರನು ಓಡುತ್ತಾನೆ. ಟ್ರಾಯ್ ಕೋಟೆಯನ್ನು ಮೂರು ಸುತ್ತು ಓಡುತ್ತಾನೆ. ಆ ಓಟದ ನಟ್ಟನಡುವೆ, ಇಬ್ಬರೂ ಉಸಿರು ಬಿಟ್ಟು ಓಡುತ್ತಿರುವಾಗ, ಕವಿಯು ನಮ್ಮ ದೃಷ್ಟಿಯನ್ನು ದಾರಿಯ ಪಕ್ಕಕ್ಕೆ ತಿರುಗಿಸುತ್ತಾನೆ: ಅಲ್ಲಿ ಎರಡು ಊಟೆಗಳು, ಒಂದರಲ್ಲಿ ಬಿಸಿನೀರು, ಒಂದರಲ್ಲಿ ಬೇಸಗೆಯಲ್ಲಿಯೂ ಕೊರೆಯುವ ತಣ್ಣೀರು; ಬಳಿಯಲ್ಲಿ ಅಗಲವಾದ ಕಲ್ಲಿನ ತೊಟ್ಟಿಗಳು; ಗ್ರೀಕರು ಬರುವುದಕ್ಕೆ ಮುಂಚೆ, ಶಾಂತಿಯ ಕಾಲದಲ್ಲಿ, ಟ್ರಾಯಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದದ್ದು ಅವುಗಳಲ್ಲಿ.

ನಮ್ಮ ಕಮ್ಮಟದ ಗುರುಗಳು ಈ ಸಾಲುಗಳಿಗೆ ಕೆಂಪು ಮಸಿಯನ್ನು ಎಳೆಯದೆ ಬಿಡರು. ಓಟದ ವೇಗ ಕೆಟ್ಟಿತೆಂದಾರು. ಆದರೆ ಯಾವುದನ್ನು ಉಳಿಸುವುದಕ್ಕಾಗಿ ಈ ಮನುಷ್ಯ ಹತ್ತು ವರ್ಷ ಕಾದಿದನೋ ಅದನ್ನು ಹೋಮರನು ತೋರಿಸಿದ್ದು ಅರಮನೆಯಲ್ಲಿ ಅಲ್ಲ, ಧ್ವಜದಲ್ಲಿ ಅಲ್ಲ, ಆ ಒಗೆಯುವ ತೊಟ್ಟಿಗಳಲ್ಲಿ. ಹೆಕ್ಟರನು ಅವನ್ನು ದಾಟಿ ಓಡಿಹೋಗುತ್ತಾನೆ. ಇದು ವಿಳಂಬ. ಬಾಕುವಿನ ಹಿಡಿಯ ಕೆತ್ತನೆಯನ್ನು ಒಂದು ಪುಟ ವರ್ಣಿಸಿ, ಖಳನ ಗಾಯದ ಗುರುತನ್ನು ಇನ್ನೊಂದು ಪುಟ ವರ್ಣಿಸಿ, ದ್ವಾರದಲ್ಲಿ ನಾಲ್ವರು ಕಾವಲುಗಾರರನ್ನು ನಾಯಕನ ಕೈಯಿಂದ ಕೆಡವಿಸುವುದು ವಿಳಂಬವಲ್ಲ. ಅದು ಓದುಗನನ್ನು ಕಾಯಿಸುವುದು, ಕಛೇರಿಯಲ್ಲಿ ಗುಮಾಸ್ತನು ಕಾಯಿಸುವಂತೆ.

ಗುಟ್ಟಿನ ಮತವು ಮಾಡುವ ಹಾನಿ ಕಾಳಗಕ್ಕೆ ಮುಂಚಿನ ಪುಟಗಳಿಗೆ ಮಾತ್ರ ತಗಲುವುದಾಗಿದ್ದರೆ ಸಹಿಸಬಹುದಾಗಿತ್ತು. ಗೆದ್ದವನಾರೆಂಬ ಒಂದೇ ಕೀಲಿನ ಮೇಲೆ ಎಲ್ಲವನ್ನೂ ನಿಲ್ಲಿಸಿದ ಲೇಖಕನಿಗೆ, ಆ ಉತ್ತರ ಹೊರಬಿದ್ದ ಮೇಲೆ ಬರೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಆದ್ದರಿಂದಲೇ ನಮ್ಮ ಕಥಾಸ್ಪರ್ಧೆಗಳಿಗೆ ಬರುವ ಕತೆಗಳಲ್ಲಿ ಖಳನು ಬಿದ್ದ ಪುಟದಲ್ಲಿಯೇ ಕತೆಯೂ ಬೀಳುತ್ತದೆ. ಟಾಲ್ಸ್ಟಾಯ್‌ನಲ್ಲಿ ಹಾಗಲ್ಲ. ಸೊಕೋಲ್ನಿಕಿಯ ಹಿಮದಲ್ಲಿ ಗುಂಡು ತಾಗಿ ಬಿದ್ದವನು ದೊಲೋಖೋವ್. ಅವನನ್ನು ಜಾರುಬಂಡಿಯಲ್ಲಿ ಮಲಗಿಸಿ ಊರಿಗೆ ಒಯ್ಯುವಾಗ, ಅದುವರೆಗೆ ಜೂಜುಕೋರನೆಂದೂ ಪುಂಡನೆಂದೂ ಮಾತ್ರ ನಮಗೆ ಗೊತ್ತಿದ್ದ ಅವನು ತಾಯಿಯನ್ನು ನೆನೆದು ಅಳುತ್ತಾನೆ. ಈ ಸ್ಥಿತಿಯಲ್ಲಿ ತನ್ನನ್ನು ಕಂಡರೆ ಆಕೆ ಉಳಿಯಲಾರಳೆನ್ನುತ್ತಾನೆ. ಮುಂದಾಗಿ ಹೋಗಿ ಆಕೆಗೆ ತಿಳಿಸಲು ಹೊರಟ ಗೆಳೆಯನಿಗೆ, ಈ ಕ್ರೂರಿಯು ಮುದಿತಾಯಿಯೊಡನೆಯೂ ಗೂನುಬೆನ್ನಿನ ತಂಗಿಯೊಡನೆಯೂ ವಾಸಮಾಡಿಕೊಂಡಿದ್ದು, ಅವರ ಪಾಲಿಗೆ ಅತ್ಯಂತ ಮಮತೆಯ ಮಗನೂ ಅಣ್ಣನೂ ಆಗಿದ್ದಾನೆಂಬುದು ಗೊತ್ತಾಗುತ್ತದೆ. ಟಾಲ್ಸ್ಟಾಯ್ ನಮ್ಮಿಂದ ಬಚ್ಚಿಟ್ಟದ್ದೇನಾದರೂ ಇದ್ದರೆ ಅದು ಇದು. ಇದಕ್ಕೂ ಯಾರು ಗೆದ್ದರೆಂಬುದಕ್ಕೂ ಯಾವ ಸಂಬಂಧವೂ ಇಲ್ಲ.